‘ಇದ್ದೀರಾ?’ ಎಂದು ಕೇಳುವ ಗುಂಡಿ

ಸೆಪ್ಟೆಂಬರ್ 2

ಈ ಪುಸ್ತಕ ತೆರೆದವರು ಯಾರೇ ಆಗಿರಲಿ, ಮುಚ್ಚಿ. ಮುಚ್ಚಿ ಎಂದೆ. ಬೇರೆಯವರ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿ ಮೂಸುವ ಬುದ್ಧಿಯನ್ನು ನಿಮಗೆ ಯಾವ ಶಾಲೆಯಲ್ಲಿ ಕಲಿಸಿದರು? ನಾನು ಬರೆದುಕೊಳ್ಳುವುದು ನನಗೆ. ಹಳ್ಳಿ ಶಾಲೆಯಲ್ಲಿ ನಾಲ್ಕನೇ ತರಗತಿಗೇ ನನ್ನ ಓದು ಮುಗಿಯಿತು. ಅಕ್ಷರ ಸೊಟ್ಟಗೆ ಕಂಡರೆ ನಿಮ್ಮ ಕಣ್ಣೇ ಸೊಟ್ಟ ಎಂದುಕೊಂಡು ಎದ್ದು ಹೋಗಿ.

ಗೂಬೆ, ನೀನೇ ಆಗಿದ್ದರೆ ಎರಡು ಪಟ್ಟು ನಾಚಿಕೆಗೇಡು. ನಿನ್ನ ಪ್ರಬಂಧದ ಹಾಳೆಗಳ ಸುತ್ತ ನಾನು ಕಸ ಗುಡಿಸಿದ್ದೇನೆಯೇ ಹೊರತು ಒಂದನ್ನೂ ಮುಟ್ಟಿಲ್ಲ.

ಗೂಬೆ ನನ್ನ ಮೊಮ್ಮಗಳು. ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳ ತಾಯಿಗೆ, ಅಂದರೆ ನನ್ನ ಮಗಳಿಗೆ, ದೂರದೂರಿಗೆ ವರ್ಗವಾಗಿದೆ. ಇವಳು ಪ್ರಬಂಧ ಮುಗಿಸುವವರೆಗೆ ಹೊಟ್ಟೆ ನೋಡಿಕೊಳ್ಳಲು ನಾನು ಬಂದಿದ್ದೇನೆ. ಏನೇ ನಿನ್ನ ಸಂಶೋಧನೆ ಎಂದು ಇವತ್ತು ಕೇಳಿದೆ.

“ಆನ್‌ಲೈನ್ ಪಾಠ ಕೇಳೋರು ಎಲ್ಲಿ ಗಮನ ಕೊಡ್ತಾರೆ, ಎಲ್ಲಿ ಬಿಟ್ಟು ಎದ್ದು ಹೋಗ್ತಾರೆ, ಯಾಕೆ ಹೋಗ್ತಾರೆ ಅಂತ ನೋಡ್ತೀನಿ ಅಜ್ಜಿ.”

“ಬೇಜಾರಾದಾಗ ಎದ್ದು ಹೋಗ್ತಾರೆ. ಇದನ್ನ ಕಂಡುಹಿಡಿಯೋಕೆ ಇಷ್ಟು ವರ್ಷ ಬೇಕಾ?”

“ನೀನೇ ನನ್ನ ಗೈಡ್ ಆಗಿದ್ದಿದ್ರೆ ನಾನು ಯಾವಾಗಲೋ ಮುಗಿಸ್ತಿದ್ದೆ” ಎಂದು ತಟ್ಟೆ ತೊಳೆಯದೆ ಎದ್ದು ಹೋದಳು. ಅವಳು ಯಾಕೆ ಎದ್ದು ಹೋಗುತ್ತಾಳೆ ಎಂದು ಯಾರೂ ಸಂಶೋಧನೆ ಮಾಡುವುದಿಲ್ಲ.

ಸೆಪ್ಟೆಂಬರ್ 4

ಮಹಡಿ ಮೇಲಿನ ಬಾಡಿಗೆಯವಳು ಬಂದಿದ್ದಳು. ಆಸ್ಪತ್ರೆಯಲ್ಲಿ ನರ್ಸು. ನಾನು ಅವಳನ್ನು ನರ್ಸಮ್ಮ ಎನ್ನುತ್ತೇನೆ. ರೋಗಿಗಳನ್ನು ಎತ್ತಿ ಕೂರಿಸಿ, ಮಗ್ಗುಲು ಬದಲಿಸಿ ಅವಳ ಬೆನ್ನು ಹಾಳಾಗಿದೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕುರ್ಚಿ ಕೆಲಸ ಇದೆಯಂತೆ, ಅದಕ್ಕೆ ಮಾಹಿತಿ ವ್ಯವಸ್ಥೆ ಎನ್ನುವ ವಿಷಯದಲ್ಲಿ ಪದವಿ ಬೇಕಂತೆ. ಗೂಬೆಯ ವಿಶ್ವವಿದ್ಯಾಲಯದಲ್ಲೇ ಆನ್‌ಲೈನ್‌ನಲ್ಲಿ ಸೇರಿದ್ದಾಳೆ. ಪಾಠ ತೆರೆದಿರುವುದು ಮಧ್ಯಾಹ್ನ ಮಾತ್ರ. ಇವಳ ಡ್ಯೂಟಿ ಇರುವುದೂ ಮಧ್ಯಾಹ್ನವೇ.

“ಪುಸ್ತಕ ನಾನು ಓದ್ಕೋತೀನಿ ಅಜ್ಜಿ. ಪರೀಕ್ಷೆನೂ ನಾನೇ ಬರೀತೀನಿ. ಹಾಜರಿದೊಂದೇ ತೊಂದ್ರೆ. ಪಾಠ ಓಡ್ತಾ ಇರುವಾಗ ನಡುನಡುವೆ ‘ಇದ್ದೀರಾ?’ ಅಂತ ಕೇಳುತ್ತೆ. ಗುಂಡಿ ಒತ್ತದೆ ಇದ್ರೆ ಹಾಜರಿ ಹೋಯ್ತು.”

“ಒತ್ತಿದ್ರೆ ಆಯ್ತಾ?”

“ಒತ್ತಿದ್ರೆ ಆಯ್ತು.”

ಹಾಲಿಗೆ ಕಾವಲು ಕೂತ ಹಾಗೆ, ಅಷ್ಟೇ ತಾನೆ ಎಂದುಕೊಂಡು, ನಿನ್ನ ಬದಲು ನಾನು ಒತ್ತುತ್ತೇನೆ ಎಂದೆ. ಗೂಬೆಗೆ ಹೇಳಬೇಕಾ ಎಂದು ಕೇಳಿದೆ. “ಬೇಡ ಅಜ್ಜಿ, ಅವ್ರಿಗೆ ಯಾಕೆ ಸುಮ್ನೆ” ಎಂದಳು. ಆ ‘ಸುಮ್ನೆ’ ಎಂಬ ಮಾತಿಗೇ ನನ್ನ ಕಿವಿ ನಿಮಿರಬೇಕಿತ್ತು. ನಿಮಿರಲಿಲ್ಲ. ಅವಳು ಗೋಡೆ ಹಿಡಿದು ಮೆಟ್ಟಿಲು ಹತ್ತುವುದನ್ನೇ ನೋಡುತ್ತಿದ್ದೆ.

ಸೆಪ್ಟೆಂಬರ್ 5

ಗೂಬೆ ಹೋದ ಮೇಲೆ ನರ್ಸಮ್ಮ ತನ್ನ ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ಇಟ್ಟಳು, ಕುಳಿತೆ. ಪರದೆಯ ಮೇಷ್ಟ್ರು ಮಾತಾಡುವಾಗ ಕಿವಿ ಎಳೆದುಕೊಳ್ಳುತ್ತಾರೆ. ಬಲಗಿವಿ ಎಡಗಿವಿಗಿಂತ ಉದ್ದವಾಗಿದೆ. ಹಿಂದೆಂದೋ ಮಾತಾಡಿ ತುಂಬಿಟ್ಟ ಪಾಠ. ಅದಕ್ಕೇ ನಾನು ಬೈದರೂ ಅವರು ನಗುತ್ತಲೇ ಇದ್ದರು.

‘ಇದ್ದೀರಾ?’ ಎಂದಿತು. “ಇದ್ದೀನಪ್ಪ” ಎಂದು ಒತ್ತಿದೆ. ಹಾಲಿನವನು ಬಂದ. ಪಾಠ ನಿಲ್ಲಿಸುವುದನ್ನೂ ಹಿಂದಕ್ಕೆ ತರುವುದನ್ನೂ ನರ್ಸಮ್ಮ ತೋರಿಸಿಕೊಟ್ಟಿದ್ದಾಳೆ. ನಿಲ್ಲಿಸಿ, ಹಾಲು ಕಾಯಿಸಿ, ಬಂದು ನೋಡಿದರೆ ಮೇಷ್ಟ್ರು ಬಾಯಿ ತೆರೆದುಕೊಂಡೇ ನಿಂತಿದ್ದರು. ಅವರ ಮಾತಿನ ತಲೆಬುಡ ಮರೆತುಹೋಗಿತ್ತು. ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಕೇಳಿದೆ. ಕೂತಿದ್ದೇ ಕೂತಿದ್ದೇನೆ, ಕೇಳಿದರೆ ನಷ್ಟವೇನು.

ಸೆಪ್ಟೆಂಬರ್ 11

ಇವತ್ತಿನ ಪಾಠ ಗ್ರಂಥಾಲಯದ್ದು. ಒಂದು ವಿಷಯವನ್ನು ಒಂದೇ ಕಡೆ ಬರೆದಿಡಬೇಕಂತೆ. ಎರಡು ಕಡೆ ಬರೆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುತ್ತೇವೆ, ಆಮೇಲೆ ಯಾವುದು ಸರಿ ಎಂದು ಕಂಪ್ಯೂಟರಿಗೂ ತಿಳಿಯುವುದಿಲ್ಲ. ಇದು ತಲೆಗೆ ಹೋಯಿತು. ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಎಂದು ಬರೆದ ಡಬ್ಬದಲ್ಲಿ ಉಪ್ಪಿದೆ. ಗೂಬೆಯ ಕಾಫಿಗೆ ಎರಡು ಸಲ ಬಿದ್ದಿದೆ.

ಒಂದೇ ಹೆಸರಿನ ಇಬ್ಬರು ಪುಸ್ತಕ ತೆಗೆದುಕೊಂಡು ಹೋದರೆ ಯಾರು ಯಾರೆಂದು ಹೇಗೆ ತಿಳಿಯುವುದು ಎಂಬ ಭಾಗ ಮಾತ್ರ ಹತ್ತಲಿಲ್ಲ. ಹಿಂದಕ್ಕೆ ತಂದೆ, ಮತ್ತೆ ತಂದೆ, ಮತ್ತೆ. ಕೊನೆಗೆ ಹತ್ತಿತು. ಒಬ್ಬೊಬ್ಬರಿಗೂ ಒಂದೊಂದು ನಂಬರು. ಹೆಸರು ಬೇರೆ, ಮನುಷ್ಯ ಬೇರೆ, ನಂಬರು ಬೇರೆ.

ಸಂಜೆ ಡಬ್ಬಗಳ ಚೀಟಿಯನ್ನೆಲ್ಲ ಕಿತ್ತು ಹೊಸದಾಗಿ ಅಂಟಿಸಿದೆ. ಗೂಬೆ ನೋಡಿ, “ಏನಜ್ಜಿ, ಅಡುಗೆಮನೆಗೆ ಸಾಫ್ಟ್‌ವೇರ್ ಹಾಕಿದ್ಯಾ?” ಎಂದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.

ಸೆಪ್ಟೆಂಬರ್ 19

ಗೂಬೆ ಇವತ್ತು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದಳು. ಮುಖ ತೊಳೆದ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ಪರದೆಯ ಹಿಂದೆ ಒಂದು ಯಂತ್ರ ಎಲ್ಲವನ್ನೂ ಗುರುತು ಹಾಕಿಕೊಳ್ಳುತ್ತದೆಯಂತೆ. ಯಾರು ಯಾವಾಗ ಬಂದರು, ಎಲ್ಲಿ ನಿಲ್ಲಿಸಿದರು, ಎಲ್ಲಿ ಹಿಂದಕ್ಕೆ ಹೋದರು ಎಲ್ಲವೂ. ಒಪ್ಪಿಗೆ ಕೊಟ್ಟ ವಿದ್ಯಾರ್ಥಿಗಳದ್ದು ಮಾತ್ರ ಇವಳ ಕೈಗೆ ಬರುತ್ತದೆ, ಹೆಸರಿಲ್ಲದೆ ಬರೀ ನಂಬರಾಗಿ. ಅವಳು ಹಿಡಿದಿರುವುದು ಅವಳ ಗೈಡ್ ಮೇಷ್ಟ್ರ ಪಾಠದ ಲೆಕ್ಕವಂತೆ. ಮೇಷ್ಟ್ರ ಫೋಟೋ ತೋರಿಸಿದಳು. ಬಲಗಿವಿ ಉದ್ದ.

“ನಲವತ್ತೊಂದು ಅಂತ ಒಬ್ರು ಇದ್ದಾರಜ್ಜಿ. ಮಿಕ್ಕೋರೆಲ್ಲ ಪಾಠ ಹಾಕ್ಕೊಂಡು ಬೇರೇನೋ ಮಾಡ್ತಿರ್ತಾರೆ. ಇವ್ರು ಹಾಗಲ್ಲ. ಪ್ರತಿ ಸಲ ನಡುವೆ ಒಮ್ಮೆ ನಿಲ್ಲಿಸ್ತಾರೆ, ಒಂದಷ್ಟು ಹೊತ್ತು ಸುಮ್ಮನಿರ್ತಾರೆ, ಆಮೇಲೆ ಸ್ವಲ್ಪ ಹಿಂದಕ್ಕೆ ಹೋಗಿ ಮತ್ತೆ ಕೇಳ್ತಾರೆ. ಗ್ರಂಥಾಲಯದ ಪಾಠದಲ್ಲಿ ಒಂದೇ ಹೆಸರಿನ ಇಬ್ಬರ ಭಾಗಕ್ಕೆ ಎಷ್ಟು ಸಲ ಹೋಗಿದ್ದಾರೆ ಗೊತ್ತಾ? ನಾನು ಇದಕ್ಕೆ ಚಿಂತನ ವಿರಾಮ ಅಂತ ಹೆಸರಿಟ್ಟಿದ್ದೀನಿ. ಗೈಡ್‌ಗೆ ತುಂಬ ಇಷ್ಟ ಆಯ್ತು. ಇದ್ರ ಮೇಲೇ ಒಂದು ಅಧ್ಯಾಯ. ಮುಂದಿನ ತಿಂಗಳು ಸೆಮಿನಾರ್‌ನಲ್ಲಿ ಎಲ್ಲರ ಎದುರು ಮಂಡಿಸ್ತೀನಿ.”

ನನ್ನ ಕೈ ಹಿಟ್ಟಿನ ಪಾತ್ರೆಯಲ್ಲೇ ನಿಂತಿತು. ಚಿಂತನ ವಿರಾಮ. ಅದು ಹಾಲು.

“ಪಾಪ, ಯಾರೋ ಏನೋ” ಎಂದೆ. ಸುಳ್ಳು ಹೇಳುವಾಗ ನನ್ನ ಧ್ವನಿ ಇಷ್ಟು ಮೆತ್ತಗಾಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಸೆಪ್ಟೆಂಬರ್ 20

ಬರೆಯಲು ಏನೂ ಇಲ್ಲ. ಇದ್ದರೂ ಬರೆಯುವುದಿಲ್ಲ.

ಸೆಪ್ಟೆಂಬರ್ 25

ಒಂದು ಉಪಾಯ ಮಾಡಿದ್ದೆ. ಕಳೆದ ಪಾಠದಿಂದ ನಿಲ್ಲಿಸುವುದನ್ನೇ ಬಿಟ್ಟೆ, ಹಿಂದಕ್ಕೂ ಹೋಗಲಿಲ್ಲ. ನಲವತ್ತೊಂದು ದಡ್ಡ ಎಂದಾಗಲಿ, ಸೋಮಾರಿ ಎಂದಾಗಲಿ, ಗೂಬೆ ಅದನ್ನು ಕೈಬಿಡಲಿ ಎಂದು. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ನಾನು ಕುರ್ಚಿಯಿಂದ ಏಳಲಿಲ್ಲ. ಎರಡನೇ ದಿನವೂ ಉಕ್ಕಿತು.

ಗೂಬೆ ಬಂದವಳೇ, “ಅಜ್ಜಿ, ನಲವತ್ತೊಂದು ಈಗ ನಿಲ್ಲಿಸೋದೇ ಇಲ್ಲ. ಮೊದಮೊದಲು ನಿಂತು ನಿಂತು ಕಲಿತದ್ದರ ಫಲ ಇದು. ಈಗ ಒಂದೇ ಓಟದಲ್ಲಿ ಅರ್ಥ ಆಗ್ತಿದೆ” ಎಂದು ಗೋಡೆಯ ಮೇಲೆ ಒಂದು ನಕ್ಷೆ ಅಂಟಿಸಿದಳು. ಏರುವ ಗೆರೆ. ಆಮೇಲೆ ಮೂಗರಳಿಸಿ, “ಏನೋ ಸೀದ ವಾಸನೆ” ಎಂದಳು.

ನಾನು ಮುಚ್ಚಿಟ್ಟದ್ದು ಸಾಲದು ಎಂದು ಅವಳಿಗೆ ಪುರಾವೆಯನ್ನೂ ಒದಗಿಸಿಕೊಟ್ಟೆ. ಆ ಗೆರೆಯ ಎದುರು ಕೂತು ಊಟ ಮಾಡಬೇಕು ಈಗ. ಬೆನ್ನು ತಿರುಗಿಸಿ ಕೂತರೆ ಯಾಕೆ ಎಂದು ಕೇಳುತ್ತಾಳೆ.

ಸೆಪ್ಟೆಂಬರ್ 28

ನರ್ಸಮ್ಮನನ್ನು ಮೆಟ್ಟಿಲ ಬಳಿ ಹಿಡಿದೆ. ನಡೆದದ್ದನ್ನೆಲ್ಲ ಹೇಳಿದೆ. ಒಪ್ಪಿಗೆ ಪತ್ರಕ್ಕೆ ತಾನು ಸಹಿ ಹಾಕಿದ್ದು ಅವಳಿಗೆ ನೆನಪೇ ಇರಲಿಲ್ಲ.

“ನವೆಂಬರ್ ಮೊದಲ ವಾರ ಪರೀಕ್ಷೆ ಅಜ್ಜಿ. ಅಲ್ಲೀವರೆಗೆ ಸುಮ್ನಿರಿ. ಆಮೇಲೆ ಬೇಕಾದ್ರೆ ಊರಿಗೆಲ್ಲ ಹೇಳಿ.”

“ಅವಳ ಸೆಮಿನಾರು ಅಕ್ಟೋಬರಲ್ಲಿ ಕಣೆ. ಅಷ್ಟು ಜನರ ಎದುರು ನನ್ನ ಹಾಲಿನ ಪಾತ್ರೆ ಹಿಡ್ಕೊಂಡು ಭಾಷಣ ಮಾಡ್ತಾಳೆ.”

“ಅವ್ರು ಇನ್ನೊಂದು ಸಲ ಬರೀಬಹುದು. ನನ್ಗೆ ಇನ್ನೊಂದು ಬೆನ್ನಿಲ್ಲ.” ಎರಡು ಮೆಟ್ಟಿಲು ಹತ್ತಿ ತಿರುಗಿದಳು. “ನಿಮ್ಮ ಮೊಮ್ಮಗಳ ಪುಸ್ತಕ ದೊಡ್ಡದು, ನನ್ನ ಬೆನ್ನು ಸಣ್ಣದು. ಅಲ್ವಾ ಅಜ್ಜಿ?”

ಬಾಯಿ ಇದೆ ಎಂದು ಹೆಸರು ಮಾಡಿದವಳು ನಾನು. ಒಳಗೆ ಬಂದು ಕಾಳು ಆರಿಸಲು ಕೂತೆ.

ಅಕ್ಟೋಬರ್ 1

ಗೂಬೆ ಪ್ರಬಂಧದ ಮೊದಲ ಪುಟ ಓದಿ ಹೇಳಿದಳು. ಗೈಡಿಗೆ ವಂದನೆ, ಅಪ್ಪ ಅಮ್ಮನಿಗೆ ವಂದನೆ. ಕೊನೆಗೆ, ‘ಹಗಲೆಲ್ಲ ಒಬ್ಬಳೇ ಮನೆಯಲ್ಲಿದ್ದು ನನ್ನ ಕೆಲಸಕ್ಕೆ ದಾರಿ ಮಾಡಿಕೊಟ್ಟ ಅಜ್ಜಿಗೆ.’

ಮಾಡಿಕೊಟ್ಟೆ, ಚೆನ್ನಾಗಿಯೇ ಮಾಡಿಕೊಟ್ಟೆ.

ಅಕ್ಟೋಬರ್ 4

ಹೇಳಿಬಿಟ್ಟೆ.

ಬೆಳಿಗ್ಗೆ ಅವಳು ಸೆಮಿನಾರಿಗೆ ಎಂದು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. “ಅದನ್ನ ಆಫ್ ಮಾಡು ಮೊದ್ಲು” ಎಂದೆ, ಕೇಳಿದ ಮೇಲೆ ಬಟ್ಟೆ ಸುಟ್ಟುಕೊಂಡಾಳು ಎಂದು. ಆಫ್ ಮಾಡಿದಳು.

“ನಲವತ್ತೊಂದು ನಾನೇ.”

ನಕ್ಕಳು. ನಾನು ನಗಲಿಲ್ಲ. ಅವಳ ನಗು ಅರ್ಧಕ್ಕೆ ನಿಂತಿತು.

“ಬೇರೆಯವ್ರ ಹಾಜರಿಗೆ ಅಂತ ಕೂತಿದ್ದೆ. ನೀನು ಹೇಳೋ ವಿರಾಮ ಇದೆಯಲ್ಲ, ಅದು ಹಾಲು ಕಾಯ್ಸೋ ಹೊತ್ತು.”

“ಹಾಲು” ಎಂದಳು.

“ಹಾಲು. ಆಮೇಲೆ ನಿಲ್ಸದೆ ಇದ್ದದ್ದು ನಿನ್ನ ದಾರಿ ತಪ್ಸೋಣ ಅಂತ.”

ಇಸ್ತ್ರಿ ಮಾಡಿದ ಬಟ್ಟೆಯನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅವಳು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನಾನೂ ಎರಡು ಅಂದು ಹಗುರಾಗುತ್ತಿದ್ದೆ. ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

“ಆ ಒಂದೇ ಹೆಸರಿನ ಇಬ್ಬರ ಭಾಗಕ್ಕೆ ಅಷ್ಟು ಸಲ ಹಿಂದೆ ಹೋಗಿದ್ದು? ಅದೂ ಹಾಲಾ?”

“ಅಲ್ಲ. ಅದು ಅರ್ಥ ಆಗ್ಲಿಲ್ಲ ಅಂತ.”

ಅವಳು ನನ್ನನ್ನು ಹೊಸಬರನ್ನು ನೋಡುವ ಹಾಗೆ ನೋಡಿದಳು. ಯಾರ ಬದಲಿಗೆ ಕೂತಿದ್ದೆ ಎಂದು ಕೇಳಲೇ ಇಲ್ಲ. ನಾನೇ ಹೇಳಹೋದರೆ ಕೈ ಅಡ್ಡ ಹಿಡಿದಳು. “ಬೇಡ. ನನಗೆ ಗೊತ್ತಾಗಬಾರದು. ನಂಬರಿನ ಹಿಂದೆ ಯಾರಿದ್ದಾರೆ ಅಂತ ಹುಡುಕಲ್ಲ, ಯಾರಿಗೂ ತೊಂದ್ರೆ ಮಾಡಲ್ಲ ಅಂತ ಬರೆದುಕೊಟ್ಟಿದ್ದೀನಿ.” ಮೇಲಿನ ಮನೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಇಬ್ಬರೂ ತಲೆಯೆತ್ತಲಿಲ್ಲ.

ಗೋಡೆಯ ನಕ್ಷೆಯನ್ನು ಅವಳು ಕಿತ್ತು ಹಾಕಬಹುದು ಎಂದುಕೊಂಡಿದ್ದೆ. ಕೀಳಲಿಲ್ಲ, ಹಾಗೇ ಬಿಟ್ಟು ಹೋದಳು. ಆ ಶಿಕ್ಷೆಯೇ ದೊಡ್ಡದು.

ಅಕ್ಟೋಬರ್ 7

ಗೂಬೆ ಹೋಗಿ ಇದ್ದದ್ದನ್ನು ಹೇಳಿದ್ದಕ್ಕೆ ಗೈಡ್ ಮೇಷ್ಟ್ರು ಕೂಗಾಡಿದರಂತೆ. ಯಾವ ವಿದ್ಯಾರ್ಥಿ ಹೇಳು, ಕೋರ್ಸಿನಿಂದಲೇ ಕಿತ್ತುಹಾಕೋಣ ಎಂದರಂತೆ. ಗೂಬೆ ಹೇಳುವುದಿಲ್ಲ ಎಂದಳಂತೆ. ಸೆಮಿನಾರಿನ ಪಟ್ಟಿಯಿಂದ ಅವಳ ಹೆಸರು ಹೋಯಿತು. ಅಧ್ಯಾಯ ಹೋಯಿತು. ಪ್ರಬಂಧ ಮುಂದಿನ ವರ್ಷಕ್ಕೆ.

ಇದನ್ನೆಲ್ಲ ಅವಳು ನನಗೆ ಹೇಳಲಿಲ್ಲ. ತಾಯಿಯ ಹತ್ತಿರ ಫೋನಿನಲ್ಲಿ ಹೇಳುತ್ತಿದ್ದಳು, ನಾನು ಬಾಗಿಲ ಹಿಂದೆ ಇದ್ದೆ. “ಅಜ್ಜಿಗೆ ಏನೂ ಅನ್ಬೇಡಮ್ಮ, ಅವಳಿಗೆ ಗೊತ್ತಿರಲಿಲ್ಲ” ಎಂದಳು. ಸೆಪ್ಟೆಂಬರ್ ಹತ್ತೊಂಬತ್ತರಿಂದ ನನಗೆ ಗೊತ್ತಿತ್ತು.

ಅಕ್ಟೋಬರ್ 10

ಅವಳು ನಿಂತುಕೊಂಡೇ ಉಂಡು ಹೋದಳು. ಉಪ್ಪು ಕಡಿಮೆ ಎಂದೂ ಹೇಳಲಿಲ್ಲ. ಕಡಿಮೆಯೇ ಇತ್ತು, ಬೇಕೆಂದೇ ಕಡಿಮೆ ಹಾಕಿದ್ದೆ, ಒಂದು ಮಾತಾದರೂ ಆಡಲಿ ಎಂದು.

ಮಧ್ಯಾಹ್ನ ಪಾಠದ ಹೊತ್ತಿಗೆ ಅಭ್ಯಾಸಬಲದಿಂದ ಕುರ್ಚಿ ಎಳೆದುಕೊಂಡೆ. ಗೂಬೆಗೆ ಹೇಳಿಬಿಟ್ಟೆ ಎಂದು ತಿಳಿಸಿದ ಮೇಲೆ ನರ್ಸಮ್ಮ ಲ್ಯಾಪ್‌ಟಾಪ್ ತಂದಿಡುವುದನ್ನು ನಿಲ್ಲಿಸಿದ್ದಾಳೆ, ಮೇಜಿನ ಮೇಲೆ ಏನೂ ಇರಲಿಲ್ಲ. ಮೇಷ್ಟ್ರು ಇವತ್ತು ಯಾವ ಪಾಠ ಮಾಡಿರಬಹುದು ಎಂದು ಯೋಚಿಸುತ್ತ ಕುಳಿತಿದ್ದೆ. ಹಾಲು ಮತ್ತೆ ಉಕ್ಕಿತು.

ಅಕ್ಟೋಬರ್ 13

ನರ್ಸಮ್ಮನ ಬಾಗಿಲು ತಟ್ಟಿದೆ. ತೆರೆದಳು, ಒಳಗೆ ಕರೆಯಲಿಲ್ಲ.

“ನಿನ್ನ ಹೆಸರು ಎಲ್ಲೂ ಹೋಗಿಲ್ಲ. ಅವಳು ಹೇಳ್ಲಿಲ್ಲ, ಹೇಳೋದೂ ಇಲ್ಲ. ಇದನ್ನ ತಿಳ್ಸೋಕೆ ಬಂದೆ, ಅಷ್ಟೇ” ಎಂದೆ.

“ಮತ್ತೆ ಅವ್ರ ಸೆಮಿನಾರು?”

“ಹೋಯ್ತು. ಒಂದು ವರ್ಷವೂ ಹೋಯ್ತು.”

ಬಾಗಿಲು ಹಾಕಿಕೊಂಡಳು. ಮೆತ್ತಗೆ ಹಾಕಿಕೊಂಡಳು. ದಡಾರ್ ಎನ್ನಿಸಿದ್ದರೆ ವಾಸಿಯಿತ್ತು.

ಇಬ್ಬರಿಗೂ ಒಳ್ಳೆಯದು ಮಾಡಲು ಹೋಗಿ ಇಬ್ಬರ ಮುಖವನ್ನೂ ನೋಡಲಾಗದ ಹಾಗೆ ಮಾಡಿಕೊಂಡೆ. ಸುಮ್ಮನೆ ಕಾಳು ಆರಿಸಿಕೊಂಡು ಕೂತಿದ್ದರೆ ಆಗುತ್ತಿತ್ತು.

ಅಕ್ಟೋಬರ್ 18

ನರ್ಸಮ್ಮ ರಜೆ ಹಾಕಿ ವಿಶ್ವವಿದ್ಯಾಲಯಕ್ಕೆ ಹೋಗಿದ್ದಳಂತೆ. ಸಂಜೆ ನಮ್ಮ ಮನೆಗೆ ಬಂದಳು. ಗೂಬೆಯೂ ಇದ್ದಳು. ಕೂರು ಎಂದೆ.

“ಬಸ್ಸಲ್ಲಿ ಕೂತು ಕೂತು ಬೆನ್ನು ಹಿಡ್ಕೊಂಡಿದೆ. ನಿಂತೇ ಹೇಳ್ತೀನಿ. ಆಫೀಸಲ್ಲಿ ಎಲ್ಲ ಹೇಳಿ ಬಂದೆ. ಹಾಜರಿ ನಂದಲ್ಲ ಅಂತ.” ಗೂಬೆಯ ಕಡೆ ತಿರುಗಿದಳು. “ನನ್ನ ಹೆಸರು ಹೇಳ್ದೆ ನೀವು ಬೈಸ್ಕೊಂಡ್ರಿ. ಅದನ್ನ ಇಟ್ಕೊಂಡು ನಾನು ಪರೀಕ್ಷೆ ಬರಿಯೋಕೆ ಆಗ್ತಿರಲಿಲ್ಲ.”

ಹಾಜರಿ ಪೂರ್ತಿ ರದ್ದಾಗಿದೆ. ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಬೇಕಾದರೆ ಪಾಠದ ಮೇಷ್ಟ್ರು, ಅಂದರೆ ಗೂಬೆಯ ಅದೇ ಗೈಡ್, ಒಪ್ಪಬೇಕು. ಡ್ಯೂಟಿಯ ಚೀಟಿಗಳನ್ನು ಸೇರಿಸಿ ಅವರಿಗೆ ಅರ್ಜಿ ಕೊಟ್ಟು ಬಂದಿದ್ದಾಳೆ.

ಗೂಬೆ, “ಆ ಪಾಠ ಸಂಜೆನೂ ತೆರೆದಿಡಿ ಅಂತ ನಾವು ಯಾಕೆ ಯಾವತ್ತೂ ಕೇಳ್ಲಿಲ್ಲ?” ಎಂದಳು. ಯಾರನ್ನು ಕೇಳಿದಳೋ ಗೊತ್ತಾಗಲಿಲ್ಲ. ಎದ್ದು ಬಿಸಿನೀರಿನ ಚೀಲ ತುಂಬಿಸಿ ತಂದು ನರ್ಸಮ್ಮನ ಬೆನ್ನಿಗೆ ಹಿಡಿದಳು. ನಾನು ಮಾಡಬೇಕಾದ ಕೆಲಸ.

ಅಕ್ಟೋಬರ್ 21

ಗೂಬೆ ನನ್ನ ಮುಂದೆ ಅವಳ ಹಳೆಯ ಲ್ಯಾಪ್‌ಟಾಪ್ ಇಟ್ಟಳು. ಪರೀಕ್ಷೆ ಇಲ್ಲದೆ ಬರೀ ಪಾಠ ಕೇಳುವವರು ಎಂದು ಹೆಸರು ಬರೆಸಬಹುದಂತೆ.

“ಇನ್ನು ಮೇಲೆ ನೋಡೋದಾದ್ರೆ ನಿನ್ನ ಹೆಸರಲ್ಲೇ ನೋಡು.”

“ಕೋಪ ಹೋಯ್ತಾ?”

“ಇಲ್ಲ.”

“ಮತ್ತೆ?”

“ನೀನು ಅರ್ಥ ಆಗ್ಲಿಲ್ಲ ಅಂತ ಹಿಂದಕ್ಕೆ ಹೋದೆಯಲ್ಲ. ಹಾಗೆ ಹೋದೋರು ಆ ಇಡೀ ಪಾಠದಲ್ಲಿ ತುಂಬ ಕಮ್ಮಿ ಜನ” ಎಂದಳು. ಇವತ್ತು ಉಪ್ಪು ಹೆಚ್ಚಾಗಿದೆ ಎಂದು ಬೈದಳು. ಎರಡು ಸಲ ಬಡಿಸಿಕೊಂಡಳು.

ಮಧ್ಯಾಹ್ನ ಪಾಠದ ಕೊನೆಯಲ್ಲಿದ್ದ ಪ್ರಶ್ನೆಗಳಿಗೆ ಉತ್ತರ ಒತ್ತಿದೆ. ಹೆಚ್ಚಿನವು ತಪ್ಪು. ತಪ್ಪಾದರೂ ನನ್ನವೇ.

ಅಕ್ಟೋಬರ್ 26

ನರ್ಸಮ್ಮನ ಅರ್ಜಿಗೆ ಉತ್ತರ ಬಂದಿಲ್ಲ. ಇಲ್ಲ ಎಂದೂ ಬಂದಿಲ್ಲ. ಅವಳು ದಿನವೂ ಮೆಟ್ಟಿಲ ಮೇಲೆ ನಿಂತು ಫೋನು ನೋಡುತ್ತಾಳೆ, ನೋಡಿ ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಗೂಬೆ ಮೇಷ್ಟ್ರ ಕೋಣೆಗೆ ಹೋದರೆ ಬಾಗಿಲು ಹಾಕಿರುತ್ತದೆಯಂತೆ.

ಪಾಠದ ಕೆಳಗೆ ಪ್ರಶ್ನೆ ಕೇಳುವ ಒಂದು ಜಾಗ ಇದೆ. ತೆರೆದು ನೋಡಿದೆ. ಮಕ್ಕಳು ಕೇಳಿದ ಪ್ರಶ್ನೆಗಳು ಒಂದರ ಕೆಳಗೆ ಒಂದು ಬಿದ್ದಿವೆ. ಮೇಷ್ಟ್ರು ಒಂದಕ್ಕೂ ಬಾಯಿ ಬಿಟ್ಟಿಲ್ಲ.

ನರ್ಸಮ್ಮನನ್ನು ಕೇಳಿದೆ, “ಬರೀಲೇನೇ?” ಎಂದು. “ಇನ್ನೇನು ಮುಚ್ಚಿಡೋಕಿದೆ, ಬರೀರಿ ಅಜ್ಜಿ” ಎಂದಳು. ಗೂಬೆ ಟೈಪ್ ಮಾಡಿಕೊಡುತ್ತೇನೆ ಎಂದಳು. ಬೇಡ ಎಂದೆ. ಮತ್ತೆ ಒಬ್ಬರ ಬದಲು ಇನ್ನೊಬ್ಬರು ಬೇಡ. ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ, ನಾನೇ ಬರೆದೆ. ಬರೆದದ್ದು ಇದು:

ಮೇಷ್ಟ್ರಿಗೆ ನಮಸ್ಕಾರ. ನಿಮಗೆ ಅರ್ಜಿ ಕೊಟ್ಟ ನರ್ಸಮ್ಮನ ಜಾಗದಲ್ಲಿ ಕೂತು ನಿಮ್ಮ ಗುಂಡಿ ಒತ್ತಿದವಳು ನಾನು. ಕೂರಿಸಿದ ತಪ್ಪನ್ನು ಅವಳ ಹೆಸರಿಗೆ ಬರೆದಿದ್ದೀರಿ. ಕೂತ ತಪ್ಪನ್ನು ನನ್ನ ಹೆಸರಿಗೆ ಬರೆಯಿರಿ. ಅದರಿಂದ ನನ್ನ ಮೊಮ್ಮಗಳ ಒಂದು ವರ್ಷ ಹಾಳಾಯಿತು. ಅದೂ ನನ್ನದೇ. ಒಂದು ವಿಷಯ ಒಂದೇ ಕಡೆ ಇರಬೇಕು ಎಂದು ನೀವೇ ಹೇಳಿಕೊಟ್ಟಿದ್ದೀರಿ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ನೀವು ‘ಇದ್ದೀರಾ?’ ಎಂದು ಕೇಳಿದಾಗೆಲ್ಲ ಅವಳು ಇದ್ದಳು. ನಿಮ್ಮ ಹತ್ತಿರ ಅಲ್ಲ, ಹಾಸಿಗೆಯಿಂದ ಏಳಲಾಗದವರ ಹತ್ತಿರ. ನಿಮ್ಮ ಹತ್ತಿರ ನಾನಿದ್ದೆ. ಪುಸ್ತಕ ಅವಳೇ ಓದಿದ್ದಾಳೆ, ಪರೀಕ್ಷೆಗೆ ಕೂರಿಸಿ ನೋಡಿ. ಬರದಿದ್ದರೆ ಸೊನ್ನೆ ಹಾಕಿ, ನಾನು ತುಟಿ ಪಿಟಕ್ಕೆನ್ನುವುದಿಲ್ಲ.

ಇನ್ನು ನನ್ನದೊಂದು ಪ್ರಶ್ನೆ. ನೀವು ನಮ್ಮನ್ನು ಕೇಳಿದಷ್ಟು ಸಲ ಕೇಳುವುದಿಲ್ಲ, ಒಂದೇ ಸಲ ಕೇಳುತ್ತೇನೆ. ಮೇಷ್ಟ್ರೇ, ಇದ್ದೀರಾ? ಇದ್ದರೆ ಅವಳ ಪರೀಕ್ಷೆಯ ತಿಂಗಳು ಹುಟ್ಟುವ ಮೊದಲು ಉತ್ತರ ಬರೆಯಿರಿ.